ಅರ್ಜಿಯಲ್ಲಿ ತಾಯಿಯ ಜಾತಿ

ನಿವೃತ್ತನಾಗಿ ಅಂತರಸಂತೆಗೆ ಹಿಂದಿರುಗಿದ ಮೇಲೆ, ಪ್ರತಿವರ್ಷ ಮೇ-ಜೂನ್ ತಿಂಗಳುಗಳಲ್ಲಿ ನಮ್ಮ ಮನೆಯ ಜಗಲಿ ಒಂದು ಸಣ್ಣ ಕಚೇರಿಯಾಗುತ್ತದೆ. ಶಾಲೆ ಕಾಲೇಜುಗಳಿಗೆ ಸೇರುವ ಮಕ್ಕಳ ಅರ್ಜಿಗಳನ್ನು ತುಂಬಿಸಿಕೊಳ್ಳಲು ಸುತ್ತಲ ಹಳ್ಳಿಗಳವರು ಬರುತ್ತಾರೆ. ಕಾಡಂಚಿನ ಹಾಡಿಗಳಿಂದಲೂ ಬರುತ್ತಾರೆ. ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಇವೆಲ್ಲ ಸರಾಗವಾಗಿ ಸಾಗುತ್ತವೆ. ಜಾತಿ ಎಂಬಲ್ಲಿಗೆ ಬಂದಾಗ ಮಾತ್ರ ಕೆಲವೊಮ್ಮೆ ತಾಯಿ ಮಗುವಿನ ಮುಖ ನೋಡುತ್ತಾಳೆ, ಮಗು ತಾಯಿಯ ಮುಖ ನೋಡುತ್ತದೆ. ತಂದೆಯದೊಂದು ಜಾತಿ, ತಾಯಿಯದೊಂದು ಜಾತಿ ಆಗಿರುವ ಮಕ್ಕಳು ಆ ಖಾಲಿ ಜಾಗದಲ್ಲಿ ಏನೆಂದು ಬರೆಯಬೇಕು? ಈ ಹೊತ್ತು ತಮ್ಮ ಮುಂದಿಡಬೇಕೆಂದಿರುವ ಪ್ರಶ್ನೆ ಇದು.

ಈ ಪ್ರಶ್ನೆಯನ್ನು ನಾನು ಮೊದಲು ಎದುರಿಸಿದ್ದು 1989ರಲ್ಲಿ. ಎದುರಿಸಿದ್ದು ಎನ್ನುವುದಕ್ಕಿಂತ ತಪ್ಪಿಸಿಕೊಂಡದ್ದು ಎಂದರೆ ಸರಿ. ಆಗ ನಾನು ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಆ ವರ್ಷ ಪ್ರವೇಶದ ಅರ್ಜಿಗಳನ್ನು ಪರಿಶೀಲಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹುಡುಗಿ ಜಾತಿಯ ಕಾಲಂ ಬಿಟ್ಟು ಉಳಿದುದನ್ನೆಲ್ಲ ಅಚ್ಚುಕಟ್ಟಾಗಿ ತುಂಬಿ ತಂದಳು. ತಾಯಿ ಜೇನುಕುರುಬರವಳು, ತಂದೆ ಊರಿನ ಅನುಕೂಲಸ್ಥ ಮನೆತನದವನು. ಆತ ಇವರನ್ನು ಬಿಟ್ಟು ಬಹುಕಾಲವಾಗಿತ್ತು. ಹುಡುಗಿ ಬೆಳೆದದ್ದು ಹಾಡಿಯಲ್ಲಿ, ಅಜ್ಜಿಯ ಗುಡಿಸಲಿನಲ್ಲಿ. ವರ್ಗಾವಣೆ ಪತ್ರದಲ್ಲಿ ಮಾತ್ರ ತಂದೆಯ ಜಾತಿ ದಾಖಲಾಗಿತ್ತು. "ಅದರಲ್ಲಿ ಇರುವುದನ್ನೇ ಬರಿಯಮ್ಮ" ಎಂದೆ. "ಆ ಮನೆ ಒಳಕ್ಕೆ ನಾನು ಒಂದ್ ದಿನಾನೂ ಕಾಲಿಟ್ಟಿಲ್ಲ ಸಾ" ಎಂದಳು. ಹಿಂದೆ ಸಾಲು ಉದ್ದವಾಗಿತ್ತು. ನಾನೇ ಲೇಖನಿ ತೆಗೆದುಕೊಂಡು ತಂದೆಯ ಜಾತಿಯನ್ನು ಬರೆದೆ. ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನ ಅವಳಿಗೆ ದೊರೆಯಲಿಲ್ಲ. ಮರುವರ್ಷ ಅವಳು ತರಗತಿಗೆ ಬರಲಿಲ್ಲ. ಅದಕ್ಕೆ ಕಾರಣಗಳು ಹಲವಿದ್ದಿರಬಹುದು. ಅವುಗಳಲ್ಲಿ ನನ್ನ ಬರಹವೂ ಒಂದು.

ತಂದೆಯ ಜಾತಿಯೇ ಮಗುವಿನ ಜಾತಿ ಎಂಬ ಎಣಿಕೆ ನಮ್ಮಲ್ಲಿ ಬಲು ಆಳವಾಗಿ ಬೇರೂರಿದೆ. ನಮ್ಮ ಸಂವಿಧಾನದಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಮಿಶ್ರ ಮೂಲದ ಒಂದು ಸಮುದಾಯವನ್ನು ಅದರ 366ನೆಯ ಅನುಚ್ಛೇದ ಹೆಸರು ಹಿಡಿದು ವಿವರಿಸುತ್ತದೆ. ಅವರು ಆಂಗ್ಲೋ ಇಂಡಿಯನ್ನರು. ಬೆಂಗಳೂರಿನ ಬಳಿ 1882ರಲ್ಲಿ ಆರಂಭವಾದ ವೈಟ್‌ಫೀಲ್ಡ್ ಅವರಿಗಾಗಿಯೇ ಹುಟ್ಟಿದ ಊರು. ಆ ವಿವರಣೆಯ ಪ್ರಕಾರ, ತಂದೆಯೋ ತಂದೆಯ ಕಡೆಯ ಗಂಡು ಹಿರಿಯರಲ್ಲಿ ಒಬ್ಬರೋ ಯುರೋಪ್ ಮೂಲದವರಾಗಿರಬೇಕು. ತಾಯಿ ಯುರೋಪಿನವಳಾಗಿ ತಂದೆ ಭಾರತೀಯನಾದರೆ ಆ ಮಗು ಈ ವಿವರಣೆಯೊಳಕ್ಕೆ ಬಾರದು. ಎರಡು ಮೂಲಗಳ ಬೆರಕೆಯನ್ನು ಒಪ್ಪಿಕೊಂಡಾಗಲೂ ಲೆಕ್ಕಕ್ಕೆ ಬಂದದ್ದು ತಂದೆಯ ಕಡೆಯೊಂದೇ.

ತಾಯಿಯ ಹೆಸರಿನಿಂದ ಉತ್ತರ ಕೊಟ್ಟ ಒಬ್ಬ ಹುಡುಗನ ಕಥೆ ಛಾಂದೋಗ್ಯ ಉಪನಿಷತ್ತಿನಲ್ಲಿದೆ. ವಿದ್ಯೆ ಬಯಸಿದ ಸತ್ಯಕಾಮ, ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ತನಗೆ ತಿಳಿಯದೆಂದೂ, ಸತ್ಯಕಾಮ ಜಾಬಾಲ ಎಂದೇ ಹೇಳಿಕೊಳ್ಳಬೇಕೆಂದೂ ಆಕೆ ಹೇಳುತ್ತಾಳೆ. ಹುಡುಗ ಗುರುವಿನ ಮುಂದೆ ಅದನ್ನೇ ನುಡಿಯುತ್ತಾನೆ. ಈ ಕಥೆಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಮೆಚ್ಚಿ ಹೇಳಿದ್ದೇನೆ. ಅದರ ಕೊನೆಯನ್ನು ಮಾತ್ರ ಗಮನವಿಟ್ಟು ನೋಡಿರಲಿಲ್ಲ. ಬ್ರಾಹ್ಮಣನಲ್ಲದವನು ಇಷ್ಟು ನಿಜವನ್ನು ಹೇಳಲಾರನೆಂದು ಭಾವಿಸಿ ಗುರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಹುಡುಗನ ಪ್ರಾಮಾಣಿಕತೆ ಗೆದ್ದಿತು, ನಿಜ. ಆದರೂ ಗುರು ಅವನನ್ನು ತನಗೆ ಪರಿಚಿತವಾದ ಒಂದು ಹೆಸರಿನೊಳಕ್ಕೆ ಸೇರಿಸಿದ ಮೇಲೆಯೇ ಸಮಾಧಾನಗೊಂಡ.

ಈ ವಿಷಯದಲ್ಲಿ ನಮ್ಮ ಕಾಲದ ಮುಖ್ಯ ಮಾತು ಬಂದದ್ದು 2012ರ ಜನವರಿಯಲ್ಲಿ, ಸುಪ್ರೀಂ ಕೋರ್ಟಿನಿಂದ. ಗುಜರಾತಿನ ರಮೇಶಭಾಯಿ ದಾಭಾಯಿ ನಾಯ್ಕ ಎಂಬುವರ ಮೊಕದ್ದಮೆ ಅದು. ಅವರ ತಾಯಿ ಪರಿಶಿಷ್ಟ ಪಂಗಡದವರು, ತಂದೆ ಆ ಪಂಗಡಕ್ಕೆ ಸೇರಿದವರಲ್ಲ. ಇಂಥ ಮಕ್ಕಳಿಗೆ ತಂದೆಯ ಜಾತಿ ಬರುವುದೆಂದು ಮೊದಲು ಊಹಿಸಬಹುದು. ಆದರೆ ಆ ಊಹೆಯೇ ಕಡೆಯ ತೀರ್ಮಾನವಲ್ಲ ಎಂದು ನ್ಯಾಯಾಲಯ ಹೇಳಿತು. ತನ್ನನ್ನು ಸಾಕಿ ಬೆಳೆಸಿದವಳು ತಾಯಿ. ಮೇಲುಜಾತಿಯ ತಂದೆಯಿಂದ ಬದುಕಿನಲ್ಲಿ ತನಗೆ ಯಾವ ಅನುಕೂಲವೂ ಒದಗಲಿಲ್ಲ. ತಾಯಿಯ ಜನ ಪಟ್ಟ ಕೊರತೆ ಅವಮಾನಗಳನ್ನೇ ತಾನೂ ಪಟ್ಟಿದ್ದೇನೆ. ಆ ಜನರೂ ಹೊರಗಿನವರೂ ತನ್ನನ್ನು ಅವರಲ್ಲೊಬ್ಬನೆಂದೇ ಕಂಡಿದ್ದಾರೆ: ಇವುಗಳನ್ನು ಸಾಕ್ಷ್ಯದಿಂದ ತೋರಿಸುವ ಅವಕಾಶ ಮಗುವಿಗೆ ಇದೆ. ಎಂದರೆ, ಯಾರ ಮಗ ಎಂಬ ಪ್ರಶ್ನೆಯ ಜೊತೆಗೆ ಹೇಗೆ ಬಾಳಿದೆ ಎಂಬ ಪ್ರಶ್ನೆಗೂ ಬೆಲೆ ಬಂತು. ಈ ತೀರ್ಪನ್ನು ಪತ್ರಿಕೆಯಲ್ಲಿ ಓದಿದ ದಿನ, ಇಪ್ಪತ್ತಮೂರು ವರ್ಷಗಳ ಹಿಂದೆ ಆ ಹುಡುಗಿ ಒಂದೇ ಸಾಲಿನಲ್ಲಿ ಹೇಳಿದ್ದು ಇದನ್ನೇ ಅಲ್ಲವೆ ಎಂದು ನನಗನ್ನಿಸಿತು.

ಆದರೆ ತೀರ್ಪು ಬಂದಷ್ಟು ಬೇಗ ಅರ್ಜಿಯ ನಮೂನೆ ಬದಲಾಗುವುದಿಲ್ಲ. ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ನಮ್ಮ ಹೋಬಳಿಯವರು ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಅಲ್ಲಿ ಮೊದಲು ನೋಡುವುದು ತಂದೆಯ ಕಾಗದ, ಬಳಿಕ ಶಾಲೆಯ ದಾಖಲೆ. ಆರು ವರ್ಷದ ಮಗುವನ್ನು ಸೇರಿಸುವಾಗ ಯಾರೋ ಬರೆದುಕೊಂಡ ಒಂದು ಪದ, ಹತ್ತು ವರ್ಷಗಳ ಮೇಲೆ ಅದೇ ಮಗುವಿನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ಅಧಿಕಾರಿಗಳ ಎಚ್ಚರಿಕೆಗೂ ಕಾರಣವಿಲ್ಲದಿಲ್ಲ. ಸುಳ್ಳು ಪ್ರಮಾಣಪತ್ರಗಳಿಂದ ನಿಜವಾದ ಗಿರಿಜನರ ಪಾಲು ಅನ್ಯರ ಕೈಸೇರುತ್ತಿದ್ದುದರಿಂದಲೇ 1994ರಲ್ಲಿ ಸುಪ್ರೀಂ ಕೋರ್ಟು, ಮಾಧುರಿ ಪಾಟೀಲ್ ಮೊಕದ್ದಮೆಯಲ್ಲಿ, ಪರಿಶೀಲನಾ ಸಮಿತಿಗಳು ಇರಬೇಕೆಂದು ವಿಧಿಸಿತು. ಪರಿಶೀಲನೆ ಬೇಕು. ಆದರೆ ಹಾಡಿಗೆ ಹೋಗಿ, ಮಗು ಯಾರ ಒಲೆಯ ಅನ್ನ ಉಂಡು ಬೆಳೆಯಿತೆಂದು ಹಿರಿಯರನ್ನು ಕೇಳುವುದೂ ಪರಿಶೀಲನೆಯೇ.

ಇದು ನಮ್ಮೊಬ್ಬರ ತೊಡಕಲ್ಲ. ಜಾತಿಯ ಬದಲು ಜನಾಂಗವನ್ನು ಕೇಳುವ ಅಮೆರಿಕದಲ್ಲಿ, 1890ರ ಜನಗಣತಿಯವರು ಕರಿಯರ ರಕ್ತ ನಾಲ್ಕನೆಯ ಒಂದು ಪಾಲೋ ಎಂಟನೆಯ ಒಂದು ಪಾಲೋ ಎಂದು ಅಳೆದು, ಅದಕ್ಕೆ ತಕ್ಕ ಬೇರೆಬೇರೆ ಹೆಸರು ಬರೆಯಬೇಕಾಗಿತ್ತು. ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತು ಮಾಡುವ ಅವಕಾಶ ಅಲ್ಲಿಯ ಪ್ರಜೆಗೆ ದೊರೆತದ್ದು 2000ದಲ್ಲಿ. ಆಗ ಹಾಗೆ ಬರೆಸಿದವರು ಸುಮಾರು 68 ಲಕ್ಷ. 2020ರಲ್ಲಿ 3 ಕೋಟಿ 38 ಲಕ್ಷ. ಪ್ರಶ್ನೆಯ ರಚನೆಯೂ ಉತ್ತರಗಳನ್ನು ವಿಂಗಡಿಸುವ ಕ್ರಮವೂ ಸುಧಾರಿಸಿದ್ದು ಈ ಏರಿಕೆಗೆ ಒಂದು ಕಾರಣ. ಕೇಳುವ ರೀತಿ ಬದಲಾದರೆ, ಅದುವರೆಗೆ ಕಾಣದಿದ್ದ ಜನ ಕಾಣಿಸಿಕೊಳ್ಳುತ್ತಾರೆ.

ಈ ಕಾಲಮನ್ನೇ ಅಳಿಸಿಬಿಡಬಾರದೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕುವೆಂಪು ಅವರ ಮಂತ್ರಮಾಂಗಲ್ಯದ ಕ್ರಮದಲ್ಲಿ ಮದುವೆಯಾದ ಭಿನ್ನಜಾತಿಯ ದಂಪತಿಗಳನ್ನು ನಾನು ಬಲ್ಲೆ. ಮಕ್ಕಳ ಅರ್ಜಿಯಲ್ಲಿ ಅವರು ಆ ಜಾಗವನ್ನು ಖಾಲಿ ಬಿಡುತ್ತಾರೆ, ಇಲ್ಲವೆ ಒಂದು ಗೆರೆ ಎಳೆಯುತ್ತಾರೆ. ಅವರ ನಿಲುವಿನ ಬಗೆಗೆ ನನಗೆ ಗೌರವವಿದೆ. ಆದರೆ ಓದು, ಉದ್ಯೋಗ, ಪೇಟೆಯ ಮನೆ ಇರುವವರು ಖಾಲಿ ಬಿಟ್ಟರೆ ಅದು ಸ್ವಾತಂತ್ರ್ಯ. ಹಾಡಿಯ ಹುಡುಗಿಯ ಅರ್ಜಿ ಖಾಲಿ ಉಳಿದರೆ ಅದು ನಷ್ಟ. ಒಬ್ಬರಿಗೆ ಸಂಕೋಲೆಯಾದ ಪದ ಮತ್ತೊಬ್ಬರಿಗೆ ಹಿಡಿದು ಮೇಲೇರುವ ಹಗ್ಗ. ಆದುದರಿಂದ ಇಬ್ಬರಿಗೂ ಒಂದೇ ಉತ್ತರ ಹೇಳುವ ಧೈರ್ಯ ನನಗಿಲ್ಲ. ಉತ್ತರ ಅವರದಾಗಿರಬೇಕು, ಬರೆದುಕೊಳ್ಳುವವನದಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸಬೇಕೆಂದು ಕೇಂದ್ರ ಸಚಿವ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ 2025ರ ಏಪ್ರಿಲ್ 30ರಂದು ನಿರ್ಧರಿಸಿತು. ಎಲ್ಲ ಜಾತಿಗಳ ಅಂಕಿಗಳು ಜನಗಣತಿಯ ಪಟ್ಟಿಗಳಲ್ಲಿ ಕೊನೆಯದಾಗಿ ಪ್ರಕಟವಾದದ್ದು 1931ರಲ್ಲಿ. ಬರೆದುಕೊಳ್ಳುವ ಕೈಗಳು ಇನ್ನೂ ಹೆಚ್ಚಲಿವೆ. ಅವುಗಳಲ್ಲಿ ಬಹುಪಾಲು ನಮ್ಮ ಶಾಲಾ ಉಪಾಧ್ಯಾಯರ ಕೈಗಳು. ಅವರಲ್ಲಿ ನನ್ನದೊಂದು ವಿನಂತಿ: ಬರೆಯುವ ಮುನ್ನ ಕೇಳಿ, ಹಿಂದೆ ಸಾಲು ಉದ್ದವಾಗಿದ್ದರೂ ಕೇಳಿ.

ಕಳೆದ ಜೂನಿನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದಳು. ಹಳೆಯ ಕಥೆಯೇ, ಬೇರೆ ಹಾಡಿ. ಈ ಸಲ ನಾನು ಲೇಖನಿಯನ್ನು ಕೆಳಗಿಟ್ಟು, "ನೀನು ಯಾರ ಮನೇಲಿ ಬೆಳೆದೆ, ಹೇಳವ್ವ" ಎಂದು ಕೇಳಿದೆ. ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಅರ್ಜಿಯ ಒಂದು ಗೆರೆ ಸಾಲಲಿಲ್ಲ. ಬೇರೆ ಎರಡು ಹಾಳೆ ಬೇಕಾಯಿತು. ತಾಯಿಯ ಪ್ರಮಾಣಪತ್ರವನ್ನೂ ಹಾಡಿಯ ಹಿರಿಯರ ಹೇಳಿಕೆಯನ್ನೂ ಜೊತೆಗಿಟ್ಟು ನಾಡಕಚೇರಿಗೆ ಕೊಟ್ಟಿದ್ದೇವೆ. ತೀರ್ಮಾನ ಇನ್ನೂ ಬಂದಿಲ್ಲ.