ಎಂ.ಆರ್.ಐ.ಗೆ ಹೋಗುವ ಮುನ್ನ ಪಿನ್ನು ತೆಗೆದಿಟ್ಟಿರಾ?

ಸೊಂಟನೋವಿಗೋ ತಲೆನೋವಿಗೋ ವೈದ್ಯರು ಎಂ.ಆರ್.ಐ. ಬರೆದುಕೊಟ್ಟರೆ ಸಾಗರ, ಹೊಸನಗರದವರು ಹೆಚ್ಚಾಗಿ ಶಿವಮೊಗ್ಗದ ಬಸ್ಸು ಹತ್ತುತ್ತೀರಿ. ತೀರ್ಥಹಳ್ಳಿಯ ಕೆಲವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೂ ಹೋಗುತ್ತೀರಿ. ಹೊರಡುವ ಮುನ್ನ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು.

ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಇರುವುದು ದೊಡ್ಡ ಆಯಸ್ಕಾಂತ ಮತ್ತು ರೇಡಿಯೊ ಅಲೆಗಳು. 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಅದು ಆರಿರುವುದಿಲ್ಲ. ಹಿಜಾಬಿನ ಪಿನ್ನು ಹಾರಿ ಕಣ್ಣಿಗೆ ಬಡಿಯಬಹುದು. ಜರಿ ಬಟ್ಟೆ, ಲೋಹದ ಡಬ್ಬಿಯ ತಾವೀಜು, ಉಂಗುರ ಎಲ್ಲವನ್ನೂ ತೆಗೆದಿಡಿ. ಸುರ್ಮಾ, ಕಾಡಿಗೆ ತೊಳೆದುಕೊಳ್ಳಿ. ಪಿನ್ನಿಲ್ಲದ ಹತ್ತಿಯ ದುಪಟ್ಟಾ ಹೊದೆಯಬಹುದೇ, ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ. ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡ್ ಇದ್ದರಂತೂ ಮುಚ್ಚಿಡಲೇಬಾರದು.

ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಅದು ಕಪ್ಪು-ಬಿಳುಪು. ಕೆಲವು ರಿಪೋರ್ಟಿನಲ್ಲಿ ಕಾಣುವ ಬಣ್ಣ ಕಂಪ್ಯೂಟರ್ ಬಳಿದದ್ದು.

ಈಗ ಸಂಶೋಧಕರು ಬೇರೆಯದೇ ಬಗೆಯ ಬಣ್ಣ ಹುಡುಕುತ್ತಿದ್ದಾರೆ. ಫ್ಲೋರಿನ್ ನಮ್ಮ ಹಲ್ಲು, ಮೂಳೆಗಳಲ್ಲಿದ್ದರೂ ಸ್ಕ್ಯಾನಿನಲ್ಲಿ ಕಾಣುವಂಥದ್ದು ದೇಹದಲ್ಲಿ ಇಲ್ಲವೆಂದೇ ಹೇಳಬೇಕು. ಹಾಗಾಗಿ ಕ್ಯಾಲ್ಸಿಯಂ ಫ್ಲೋರೈಡಿನ ಅತಿಸೂಕ್ಷ್ಮ ನ್ಯಾನೋ ಕಣಗಳನ್ನು ಇಲಿಗೆ ಚುಚ್ಚಿದರೆ ಆ ಕಣಗಳಷ್ಟೇ ಬೆಳಗುತ್ತವೆ. ಸ್ಟ್ರಾನ್ಷಿಯಂ ಫ್ಲೋರೈಡಿನ ಕಣ ತುಸು ಬೇರೆ ತರಂಗಾಂತರದಲ್ಲಿ ಉತ್ತರಿಸುತ್ತದೆ. ರೇಡಿಯೊ ಮುಳ್ಳು ತಿರುಗಿಸಿದಾಗ ಭದ್ರಾವತಿ ಒಂದು ಕಡೆ, ಧಾರವಾಡ ಇನ್ನೊಂದು ಕಡೆ ಸಿಗುವಂತೆ! ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಕೊಟ್ಟು, ಜೀವಂತ ಪ್ರಾಣಿಯಲ್ಲಿ ಯಾವುದು ಎಲ್ಲಿ ಸೇರಿತೆಂದು ಒಟ್ಟಿಗೇ ನೋಡಬಹುದು. ನೋಡುವುದಕ್ಕಾಗಿ ಇಲಿಯನ್ನು ಕೊಯ್ಯಬೇಕಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ. ಆದರೆ ಸಂಕೇತ ಸಿಗಲು ಕಣಗಳು ಬಹಳ ಬೇಕು, ಅವು ದೇಹದಿಂದ ಸುರಕ್ಷಿತವಾಗಿ ಹೊರಹೋಗಲೂಬೇಕು. ಇದಿನ್ನೂ ರೋಗಿಗಳ ಬಳಕೆಗೆ ಬಂದಿಲ್ಲ.

ಇಂದು ನಿಮಗೆ ಚುಚ್ಚುವುದು ಸಾಮಾನ್ಯವಾಗಿ ಗ್ಯಾಡೋಲಿನಿಯಂ ಇರುವ ಔಷಧ. ಮೂತ್ರಪಿಂಡ ಸರಿಯಿದ್ದರೆ ಅದು ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಕೆಲವು ಬಗೆಯ ಗ್ಯಾಡೋಲಿನಿಯಂನಿಂದ ಚರ್ಮ ಮರದಂತೆ ಗಟ್ಟಿಯಾಗುವ ಕಾಯಿಲೆ ಬರುವುದು 2006ರಲ್ಲಿ ಬೆಳಕಿಗೆ ಬಂತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಡಯಾಲಿಸಿಸ್‌ನವರಿದ್ದರೆ, ಗರ್ಭಿಣಿಯಾಗಿದ್ದರೆ ಚುಚ್ಚುವ ಮೊದಲೇ ಹೇಳಿ. ಕ್ರಿಯಾಟಿನಿನ್ ರಿಪೋರ್ಟನ್ನು ಬಸ್ಸು ಹತ್ತುವಾಗಲೇ ಚೀಲದಲ್ಲಿಟ್ಟುಕೊಳ್ಳಿ.