ಕಾರಿನ ಎಂಜಿನ್, ಆಕಾಶದ ದುಡಿಮೆ

1930ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಚೆರ್ರಿ ಗ್ರೋವ್ ಎಂಬ ಹಳ್ಳಿಯಿಂದ ಹೊರಟ ಎರಡು ಪುಟ್ಟ ವಿಮಾನಗಳು ಮಿನಿಯಾಪೊಲಿಸ್ ಬಳಿ ಬಂದಿಳಿದವು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ ವಿಮಾನಗಳವು. ಮೂತಿಯಲ್ಲಿದ್ದದ್ದು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್. ಕಾರಿನ ಎಂಜಿನ್ ವಿಮಾನಕ್ಕೆ ಒಗ್ಗದು ಎಂದು ಬರೆದಿದ್ದ ಪತ್ರಿಕಾ ಸಂಪಾದಕ ವೆಸ್ಟನ್ ಫಾರ್ಮರ್ ಅವರಿಗೆ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಹಳ್ಳಿಯ ಮೆಕ್ಯಾನಿಕ್ ಕೊಟ್ಟ ಉತ್ತರವದು. ಕಣ್ಣಾರೆ ಕಂಡ ಫಾರ್ಮರ್ ಮನಸ್ಸು ಬದಲಿಸಿದರು. ‘ಏರ್ ಕ್ಯಾಂಪರ್’ ಹೆಸರಿನ ಆ ವಿಮಾನದ ನಕ್ಷೆಗಳು 1932ರ ‘ಫ್ಲೈಯಿಂಗ್ ಅಂಡ್ ಗ್ಲೈಡರ್ ಮ್ಯಾನ್ಯುಯಲ್’ನಲ್ಲಿ ಅಚ್ಚಾದವು. ಅವನ್ನು ನೋಡಿಕೊಂಡು ಮನೆಯಲ್ಲೇ ವಿಮಾನ ಕಟ್ಟುವವರು ಇಂದಿಗೂ ಇದ್ದಾರೆ.

ಅದಕ್ಕೂ ಹಿಂದೆ ರೈಟ್ ಸಹೋದರರೂ ಎಂಜಿನ್ನಿಗಾಗಿ ಕಾರು ತಯಾರಕರತ್ತ ಕಣ್ಣು ಹಾಯಿಸಿದ್ದರು. ತಕ್ಕಷ್ಟು ಹಗುರವಾದ ಎಂಜಿನ್ ಯಾರಿಂದಲೂ ಸಿಗದಿದ್ದಾಗ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಹೊಸದೊಂದನ್ನೇ ತಯಾರಿಸಿದರು. 1903ರ ಹಾರಾಟಕ್ಕೆ ಬಲ ಕೊಟ್ಟದ್ದು ಸುಮಾರು 12 ಅಶ್ವಶಕ್ತಿಯ ಆ ಎಂಜಿನ್.

ಪೀಟನ್‌ಪೋಲ್ ಗೆದ್ದದ್ದು ಹೇಗೆ? ಗುಟ್ಟು ಇರುವುದು ಸುತ್ತುಗಳ ಲೆಕ್ಕದಲ್ಲಿ. ಮಾಡೆಲ್ ಎ ಎಂಜಿನ್ನಿನ ಗಾತ್ರ 3.3 ಲೀಟರ್. ಅದು ತನ್ನ ಪೂರ್ತಿ 40 ಅಶ್ವಶಕ್ತಿಯನ್ನು ನಿಮಿಷಕ್ಕೆ 2200 ಸುತ್ತುಗಳಲ್ಲೇ ಕೊಡುತ್ತಿತ್ತು. ಪ್ರೊಪೆಲ್ಲರ್‌ಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ವೇಗ. ಹಾಗಾಗಿ ನಡುವೆ ಗೇರಿನ ಹಂಗಿಲ್ಲದೆ ಎಂಜಿನ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿಗೇ ಪ್ರೊಪೆಲ್ಲರ್ ಜೋಡಿಸಲು ಸಾಧ್ಯವಾಯಿತು.

ಇಂದಿನ ಕಾರುಗಳಿಗೆ ಆ ಸೌಲಭ್ಯವಿಲ್ಲ. ಒಂದೂವರೆ ಲೀಟರಿನ ಎಂಜಿನ್ ನೂರು ಅಶ್ವಶಕ್ತಿ ಕೊಡುತ್ತದೆ, ನಿಜ. ಆದರೆ ಅದಕ್ಕೆ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗಬೇಕು. 1.8 ಮೀಟರ್ ಉದ್ದದ ಪ್ರೊಪೆಲ್ಲರ್ 2700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 254 ಮೀಟರ್ ಓಡುತ್ತದೆ. 5000 ಸುತ್ತು ತಿರುಗಿಸಿದರೆ 470 ಮೀಟರ್ ದಾಟಿ ಶಬ್ದದ ವೇಗವನ್ನೂ ಮೀರುತ್ತದೆ. ಆಗ ಗದ್ದಲ ವಿಪರೀತ, ಎಳೆತ ಕಡಿಮೆ. ಆದ್ದರಿಂದ ಸುತ್ತು ಇಳಿಸುವ ಗೇರ್‌ಬಾಕ್ಸ್ ಅಥವಾ ಬೆಲ್ಟ್ ಅನಿವಾರ್ಯ. ಕಷ್ಟ ಆರಂಭವಾಗುವುದೂ ಅಲ್ಲಿಂದಲೇ. ಸಿಲಿಂಡರ್ ಒಂದೊಂದು ಸಲ ಸಿಡಿದಾಗಲೂ ಶಾಫ್ಟ್ ಸಣ್ಣದಾಗಿ ತಿರುಚಿಕೊಳ್ಳುತ್ತದೆ. ಈ ತಿರುಚು ಕಂಪನದ ತಾಳಕ್ಕೆ ಪ್ರೊಪೆಲ್ಲರ್ ಮತ್ತು ಗೇರುಗಳ ಸಹಜ ಕಂಪನ ಕೂಡಿಕೊಂಡರೆ ಗಟ್ಟಿ ಉಕ್ಕೂ ಬಿರುಕು ಬಿಡುತ್ತದೆ.

ಗೇರಿನ ಗೊಡವೆಯೇ ಬೇಡ ಎಂದವರಿಗೆ ಒದಗಿಬಂದದ್ದು ಫೋಕ್ಸ್‌ವ್ಯಾಗನ್ ಬೀಟಲ್. ಅದರ ಎಂಜಿನ್ ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಬೇಕಿಲ್ಲ. ನಾಲ್ಕು ಸಿಲಿಂಡರುಗಳು ಎಡಬಲಕ್ಕೆ ಅಡ್ಡಡ್ಡ ಮಲಗಿರುವುದರಿಂದ ಚಿಕ್ಕ ವಿಮಾನದ ಮೂತಿಯಲ್ಲಿ ಹಿತವಾಗಿ ಕೂರುತ್ತದೆ. ಫ್ರಾನ್ಸಿನ ರೋಜೆ ದ್ರುಯೀನ್ ವಿನ್ಯಾಸಗೊಳಿಸಿದ ಒಂಟಿ ಆಸನದ ‘ಟರ್ಬುಲೆಂಟ್’ ಹಾರುವುದು ಈ ಎಂಜಿನ್ನಿನಿಂದಲೇ. ಬ್ರಿಟನ್ನಿನ ರಾಜಕುಮಾರ ಫಿಲಿಪ್ ಕೂಡ ಅದನ್ನು ಹಾರಿಸಿದ್ದರು. ಅಮೆರಿಕದ ಸೋನೆಕ್ಸ್ ಕಂಪನಿಯ ‘ಏರೋವೀ’ ಇದೇ ವಂಶದ ಎಂಜಿನ್: 2180 ಸಿಸಿ, ನಿಮಿಷಕ್ಕೆ 3400 ಸುತ್ತಿನಲ್ಲಿ 80 ಅಶ್ವಶಕ್ತಿ. ಪ್ರೊಪೆಲ್ಲರ್ ಗಿಡ್ಡವಾದರೆ ತುದಿಯ ವೇಗ ಹತೋಟಿಯಲ್ಲಿರುತ್ತದೆ.

ಷೆವ್ರೊಲೆ ಕಾರ್ವೇರ್ ಕಾರಿನ ಆರು ಸಿಲಿಂಡರ್ ಎಂಜಿನ್ ಕೂಡ ಗಾಳಿಯಿಂದ ತಣಿಯುವಂಥದ್ದೇ. ಪೀಟನ್‌ಪೋಲ್ ಸ್ವತಃ 1960ರ ದಶಕದಲ್ಲಿ ಇದರತ್ತ ಹೊರಳಿದರು. ಕಾರಿನ ತಯಾರಿಕೆ 1969ರಲ್ಲಿ ನಿಂತರೂ ಹಳೆಯ ಎಂಜಿನ್‌ಗಳನ್ನು ಬಿಚ್ಚಿ ಹೊಸದಾಗಿ ಜೋಡಿಸುವವರು ಉಳಿದರು. ಮುಂದೆ ಕೆಲವು ವಿಮಾನಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ತುಂಡಾಯಿತು. ಕಾರಿನಲ್ಲಿ ಆ ಶಾಫ್ಟ್ ಬರೀ ತಿರುಗಿದರೆ ಸಾಕಿತ್ತು. ವಿಮಾನ ಮೂತಿ ಎತ್ತಿದಾಗ, ಹೊರಳಿದಾಗ ಪ್ರೊಪೆಲ್ಲರ್ ಅದನ್ನು ಬಗ್ಗಿಸಲೂ ನೋಡುತ್ತದೆ. ಆ ಭಾರ ಹೊರಲು ಪ್ರೊಪೆಲ್ಲರ್ ಬದಿಯಲ್ಲಿ ಐದನೆಯದೊಂದು ಬೇರಿಂಗ್ ಸೇರಿಸಲಾಯಿತು.

ಈ ಕಸುಬಿನ ತಿರುಳು ಇಲ್ಲಿದೆ. ಕಾರಿನ ಎಂಜಿನ್ ಕಳಪೆಯೇನಲ್ಲ, ಅದನ್ನು ರೂಪಿಸಿದ್ದು ಬೇರೆ ಕೆಲಸಕ್ಕೆ. ಸಮತಟ್ಟಾದ ಹೆದ್ದಾರಿಯಲ್ಲಿ ಸಾಗುವ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನದ ಎಂಜಿನ್ ಮುಕ್ಕಾಲು ಪಾಲು ಶಕ್ತಿಯನ್ನು ಗಂಟೆಗಟ್ಟಲೆ ಸುರಿಯಬೇಕು; ಆಗುಂಬೆ ಘಾಟಿಯ ಏರು ಮುಗಿಯದೆ ಎರಡು ತಾಸು ಮುಂದುವರಿದ ಹಾಗೆ. ಅದರ ಬಿಸಿಯನ್ನೆಲ್ಲ ಹೊರಹಾಕುವಂತೆ ಗಾಳಿಯ ದಾರಿಗಳನ್ನು ರೂಪಿಸಬೇಕು. ವಿಮಾನದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ಕಿಡಿಗೆ ವಿದ್ಯುತ್ ಹುಟ್ಟಿಸುವ ಸಾಧನ), ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇರುತ್ತವೆ. ಬ್ಯಾಟರಿ ಸತ್ತರೂ ಕಿಡಿ ನಿಲ್ಲದು. ಕಾರಿನ ಎಂಜಿನ್ ಬ್ಯಾಟರಿಯನ್ನೇ ನಂಬಿರುತ್ತದೆ. ಹೀಗಾಗಿ ಎರಡನೇ ಬ್ಯಾಟರಿ, ಎರಡನೇ ಇಂಧನ ಪಂಪು, ಕಿಡಿಗೆ ಬದಲಿ ವ್ಯವಸ್ಥೆ ಎಲ್ಲವನ್ನೂ ಕಟ್ಟುವವರೇ ಹೊಂದಿಸಬೇಕು. ಅಗ್ಗವೆಂದು ಕೊಂಡ ಎಂಜಿನ್ನಿನ ಉಳಿದ ಬೆಲೆಯನ್ನು ದುಡಿಮೆಯಲ್ಲಿ ತೆರಬೇಕಾಗುತ್ತದೆ.

ಇದೇ ದಾರಿಯನ್ನು ದೊಡ್ಡ ಕಾರ್ಖಾನೆಗಳೂ ತುಳಿದಿವೆ. ಡೈಮಂಡ್ ಡಿಎ40 ಎನ್‌ಜಿ ವಿಮಾನದ ‘ಎಇ300’ ಎಂಜಿನ್ನಿಗೆ ಮರ್ಸಿಡಿಸ್ ಕಾರಿನ ಎರಡು ಲೀಟರ್ ಡೀಸೆಲ್ ಎಂಜಿನ್ನೇ ಮೂಲ. ಆಸ್ಟ್ರಿಯಾದ ತಯಾರಕರು ಅದಕ್ಕೆ ಗೇರ್‌ಬಾಕ್ಸ್ ಜೋಡಿಸಿ, ನಿಯಂತ್ರಣದ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಇಮ್ಮಡಿಗೊಳಿಸಿ, 168 ಅಶ್ವಶಕ್ತಿಯ ಪ್ರಮಾಣೀಕೃತ ಎಂಜಿನ್ ಮಾಡಿದ್ದಾರೆ. ಜೆಟ್ ವಿಮಾನಗಳ ಇಂಧನದಿಂದಲೂ ಅದು ಓಡುತ್ತದೆ.

ಮನೆಯಲ್ಲಿ ಕಟ್ಟುವವರಿಗೆ ಅಂಥ ಪ್ರಯೋಗಾಲಯದ ಬೆಂಬಲವಿಲ್ಲ. ಅಮೆರಿಕದ ವಿಮಾನಯಾನ ಆಡಳಿತ ಇದನ್ನು ಗಮನದಲ್ಲಿಟ್ಟೇ ನಿಯಮ ಮಾಡಿದೆ. ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಯಿರುವ ಸ್ವಂತ ನಿರ್ಮಾಣದ ವಿಮಾನಕ್ಕೆ ವಾಡಿಕೆಯಂತೆ 25 ಗಂಟೆ ಪರೀಕ್ಷಾ ಹಾರಾಟ ಸಾಕು. ಕಾರಿನ ಎಂಜಿನ್ ಇದ್ದರೆ 40 ಗಂಟೆ ಬೇಕು. ಎಣ್ಣೆಯ ಒತ್ತಡ, ಸಿಲಿಂಡರಿನ ಬಿಸಿ, ಏರುವ ವೇಗ ಎಲ್ಲವನ್ನೂ ಹಾರಾಟದಿಂದ ಹಾರಾಟಕ್ಕೆ ಬರೆದಿಡುತ್ತಾ, ನಿಗದಿಯಾದ ಪ್ರದೇಶದೊಳಗೇ ಹಾರಬೇಕು. ಅಷ್ಟೂ ಗಂಟೆ ಪೂರೈಸುವ ತನಕ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ.