ಪಾಪು ಬರುವ ಮುನ್ನ ಹಿರಿಯ ಮಗುವಿಗೊಂದು ಆಸರೆ

ಮಂಗಳೂರಿನ ಆಸ್ಪತ್ರೆಯಿಂದ ಬಾಣಂತಿಯನ್ನು ಕರೆತಂದ ಕಾರು ಅಂಗಳದಲ್ಲಿ ನಿಲ್ಲುತ್ತದೆ. ಮನೆಮಂದಿಯೆಲ್ಲ ಹೊಸ ಕಂದನ ಸುತ್ತ ನೆರೆಯುತ್ತಾರೆ. ಮೂಗು ಯಾರದು, ಬಣ್ಣ ಯಾರದು ಎಂಬ ಮಾತು ಆರಂಭವಾಗುತ್ತದೆ. ಅದೇ ಹೊತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಮೂರು ವರ್ಷದ ಇನ್ನೊಂದು ಮಗು ನಿಂತಿರುತ್ತದೆ. ನಾಲ್ಕು ದಿನ ಅಮ್ಮನಿಗಾಗಿ ಕಾದ ಮಗು ಅದು. ಅಮ್ಮನೇನೋ ಬಂದಳು, ಆದರೆ ಅವಳ ತೋಳು ಖಾಲಿಯಿಲ್ಲ.

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಮನೆಗಳಿಗೆ ಈ ನೋಟ ಹೊಸತಲ್ಲ. ಆ ಮಗು ಮುನಿದರೆ ನಾವು ಅದಕ್ಕೆ ‘ಹೊಟ್ಟೆಕಿಚ್ಚು’ ಎಂದು ಹೆಸರಿಡುತ್ತೇವೆ. ವಾಸ್ತವದಲ್ಲಿ ಅದು ಭಯ. ತನ್ನ ಸ್ಥಾನ ಉಳಿದಿದೆಯೇ ಎಂಬ ಸಂಶಯ. ಈ ಸಂಶಯವನ್ನು ಹೆರಿಗೆಗೆ ಮುನ್ನವೇ ಬಹುಮಟ್ಟಿಗೆ ನಿವಾರಿಸಲು ಹೆತ್ತವರಿಗೆ ಸಾಧ್ಯವಿದೆ.

ಹೇಳುವುದು ಯಾವಾಗ?

ಪುಟ್ಟ ಮಕ್ಕಳಿಗೆ ತಿಂಗಳ ಲೆಕ್ಕ ತಿಳಿಯದು. ತಾಯಿಯ ಹೊಟ್ಟೆ ಕಣ್ಣಿಗೆ ಕಾಣುವಂತಾದಾಗ ವಿಷಯ ತಿಳಿಸಿದರೆ ಸಾಕು. ‘ಓಣಂ ರಜೆ ಮುಗಿದ ಮೇಲೆ’, ‘ದೀಪಾವಳಿಯ ಹೊತ್ತಿಗೆ’ ಎಂದು ಅವರು ಬಲ್ಲ ಹಬ್ಬಕ್ಕೆ ಜೋಡಿಸಿ ಹೇಳಬೇಕು. ಈ ಸುದ್ದಿ ನೆರೆಹೊರೆಯವರ ಬಾಯಿಂದಲ್ಲ, ಅಪ್ಪ ಅಮ್ಮನ ಬಾಯಿಂದಲೇ ಮಗುವಿಗೆ ತಲುಪಬೇಕು. ‘ನಿನಗೆ ಆಡಲು ಜೊತೆಗಾರ ಬರುತ್ತಾನೆ’ ಎಂಬ ಭರವಸೆ ಮಾತ್ರ ಬೇಡ. ಬರುವ ಪಾಪು ಮೊದಲ ತಿಂಗಳುಗಳಲ್ಲಿ ಅಳುತ್ತದೆ, ಹಾಲು ಕುಡಿಯುತ್ತದೆ, ಮಲಗುತ್ತದೆ, ಆಡುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳಿದರೆ ಮುಂದೆ ಮಗುವಿಗೆ ಮೋಸ ಹೋದೆನೆಂಬ ಭಾವ ಬಾರದು.

‘ತಮ್ಮ ಬೇಕೋ ತಂಗಿ ಬೇಕೋ’ ಎಂದು ಮಗುವನ್ನು ಕೇಳಿ, ಅದರ ಬಾಯಿಂದ ಬಂದದ್ದನ್ನು ಶಕುನವೆಂದು ತಿಳಿಯುವ ರೂಢಿ ಹಲವೆಡೆ ಇದೆ. ಭ್ರೂಣದ ಲಿಂಗಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಅದೇ ಕುತೂಹಲದ ಭಾರವನ್ನು ಎಳೆಯ ಮಗುವಿನ ನಾಲಗೆಯ ಮೇಲೆ ಹೊರಿಸುವುದು ಉಚಿತವಲ್ಲ.

ಬದಲಾವಣೆಗಳು ಒಟ್ಟಿಗೆ ಬೇಡ

ಬೇರೆ ಹಾಸಿಗೆಯಲ್ಲಿ ಮಲಗಿಸುವುದು, ಎದೆಹಾಲು ಬಿಡಿಸುವುದು, ಅಂಗನವಾಡಿಗೆ ಸೇರಿಸುವುದು ಇವೆಲ್ಲವೂ ಹೆರಿಗೆಯ ಆಸುಪಾಸಿನಲ್ಲೇ ನಡೆದರೆ ಮಗು ಅದನ್ನು ಹೀಗೆ ಓದಿಕೊಳ್ಳುತ್ತದೆ: ‘ಪಾಪು ಬಂತು, ನನ್ನನ್ನು ಹೊರಗಿಟ್ಟರು.’ ಇಂತಹ ಬದಲಾವಣೆಗಳನ್ನು ಎರಡು ಮೂರು ತಿಂಗಳು ಮೊದಲೇ ಮುಗಿಸಬೇಕು, ಇಲ್ಲವೇ ಕೆಲವು ತಿಂಗಳು ಮುಂದೂಡಬೇಕು. ಗರ್ಭಿಣಿಯಾದ ಮಾತ್ರಕ್ಕೆ ಹಾಲು ತಟ್ಟನೆ ನಿಲ್ಲಿಸಬೇಕೆಂದಿಲ್ಲ. ವೈದ್ಯರನ್ನು ವಿಚಾರಿಸಿ ನಿರ್ಧರಿಸಬಹುದು.

ನಮ್ಮ ಮಕ್ಕಳ ವಿಚಾರದಲ್ಲಿ ಇನ್ನೊಂದು ಮಾತಿದೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಬ್ಯಾರಿ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹೀಗೆ ಮೂರು ಭಾಷೆಗಳ ನಡುವೆ ದಾರಿ ಹುಡುಕುತ್ತಿರುವ ಮಗುವನ್ನು, ಬಾಣಂತನದ ಅನುಕೂಲಕ್ಕೆಂದು ಹಠಾತ್ತನೆ ಶಾಲೆಯಿಂದ ಶಾಲೆಗೆ, ಮಾಧ್ಯಮದಿಂದ ಮಾಧ್ಯಮಕ್ಕೆ ಬದಲಿಸಬಾರದು. ಪರಿಚಿತ ಟೀಚರ್, ಪರಿಚಿತ ಮಾತು ಆ ದಿನಗಳಲ್ಲಿ ಅದಕ್ಕೆ ಎರಡನೆಯ ಮನೆ.

ಬಾಣಂತಿ ಕೋಣೆಯ ಬಾಗಿಲು

ಆಸ್ಪತ್ರೆಗೆ ಹೊರಡುವಾಗ ಮಗು ನಿದ್ರಿಸುತ್ತಿದ್ದರೂ ಎಬ್ಬಿಸಿ ಹೇಳಿಹೋಗುವುದು ಲೇಸು. ಆ ದಿನಗಳಲ್ಲಿ ಯಾರ ಜೊತೆ ಮಲಗಬೇಕು, ಊಟ ಬಡಿಸುವವರು ಯಾರು ಎಂಬುದು ಮೊದಲೇ ತಿಳಿದಿರಲಿ. ಅಜ್ಜಿಯ ಜೊತೆ ಕೆಲವು ರಾತ್ರಿ ಮಲಗಿ ಅಭ್ಯಾಸವಾಗಿರಲಿ. ಮರಳಿ ಬಂದಾಗ ಅಪ್ಪನೋ ಅಜ್ಜಿಯೋ ಪಾಪುವನ್ನು ಎತ್ತಿಕೊಳ್ಳಲಿ, ಅಮ್ಮ ಬರಿಗೈಯಲ್ಲಿ ಹಿರಿಯ ಮಗುವಿನ ಬಳಿಗೆ ಬರಲಿ.

ಅಮೆ, ಸೂತಕಗಳ ಕಟ್ಟುಪಾಡಿರುವ ಮನೆಗಳಲ್ಲಿ ಮಗುವನ್ನು ಬಾಣಂತಿ ಕೋಣೆಯಿಂದ ದೂರವಿಡುವುದುಂಟು. ಕೈತೊಳೆದು ಬಂದ, ಜ್ವರ ಕೆಮ್ಮು ಇಲ್ಲದ ಮಗುವಿಗೆ ಅಮ್ಮನ ಪಕ್ಕ ಕುಳಿತುಕೊಳ್ಳಲು ಅವಕಾಶವಿರಲಿ. ಬಟ್ಟೆ ತಂದುಕೊಡುವ ಸಣ್ಣ ಕೆಲಸವನ್ನು ಅದು ಬಯಸಿದರೆ ಮಾಡಲಿ. ಆದರೆ ಹಸುಗೂಸಿನ ಜೊತೆ ಚಿಕ್ಕ ಮಗುವೊಂದನ್ನೇ ಬಿಡಬಾರದು. ‘ಇನ್ನು ಅಮ್ಮ ಪಾಪುವಿನವಳು, ನಿನ್ನನ್ನು ಎತ್ತುವವರಿಲ್ಲ’ ಎಂದು ನಗೆಯಾಡುವ ನೆಂಟರನ್ನು ಹಿರಿಯರು ಅಲ್ಲಿಯೇ ತಡೆಯಬೇಕು. ನಮಗೆ ತಮಾಷೆಯಾದ ಮಾತು ಮಗುವಿಗೆ ತೀರ್ಪಾಗಿ ಕೇಳಿಸುತ್ತದೆ.

ಗದರಿಕೆ ಬೇಡ

ನಿಂತಿದ್ದ ಹಾಸಿಗೆ ಒದ್ದೆ ಮರುಕಳಿಸಬಹುದು. ಮಗು ಬೆರಳು ಚೀಪಬಹುದು, ಎಳೆಯ ಮಾತು ಆಡಬಹುದು. ಇದು ಹಠವಲ್ಲ. ‘ನಾನೂ ಪಾಪುವೇ’ ಎಂಬ ಮೊರೆ. ನಾಚಿಕೆಪಡಿಸದೆ ಇದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ, ಮಗು ಊಟ ನಿದ್ರೆ ತೊರೆದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಶಾಲೆಯ ಟೀಚರಿಗೂ ಮನೆಯ ಸಂಗತಿ ತಿಳಿದಿರಲಿ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ವಿದುಷಿಯರು 40 ಕುಟುಂಬಗಳನ್ನು ಎರಡನೆಯ ಮಗುವಿನ ಜನನಕ್ಕೆ ಮೊದಲಿನಿಂದಲೇ ಗಮನಿಸಿ 1982ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ‘ಪಾಪು ಏಕೆ ಅಳುತ್ತಿರಬಹುದು, ಅದಕ್ಕೇನು ಬೇಕಾಗಿರಬಹುದು’ ಎಂದು ತಾಯಿ ಹಿರಿಯ ಮಗುವಿನೊಡನೆ ಮಾತನಾಡಿದ ಮನೆಗಳಲ್ಲಿ ಒಡಹುಟ್ಟಿದವರ ಸ್ನೇಹ ಮುಂದೆಯೂ ಹೆಚ್ಚು ಗಾಢವಾಗಿದ್ದುದನ್ನು ಅವರು ಕಂಡರು. ಇದಕ್ಕೆ ಹಣ ಬೇಕಿಲ್ಲ, ಮಾತು ಸಾಕು.

ದಿನಕ್ಕೆ ಹತ್ತು ನಿಮಿಷ ಹಿರಿಯ ಮಗುವಿಗೆಂದೇ ಮೀಸಲಿಡಿ. ಪಾಪು ಮಲಗಿದಾಗ ಶಾಲೆಯ ಚಿತ್ರಪುಸ್ತಕವನ್ನು ಅದರೊಡನೆ ತೆರೆಯಿರಿ. ನಾಳೆ ಅದೇ ಪುಸ್ತಕವನ್ನು ಹಿಡಿದು ತೊಟ್ಟಿಲ ಬಳಿ ಕುಳಿತು, ತನಗೆ ತಿಳಿದ ನಾಲ್ಕು ಕನ್ನಡ ಅಕ್ಷರಗಳನ್ನು ಅದು ಪಾಪುವಿಗೆ ಓದಿ ಹೇಳಬಹುದು. ಕಂಬಕ್ಕೆ ಒರಗಿ ನಿಂತಿದ್ದ ಮಗು ಆಗ ಅಕ್ಕನೋ ಅಣ್ಣನೋ ಆಗಿರುತ್ತದೆ.